ಕಾರು ತಗ್ಗಿಸಲು ಕೊಟ್ಟರೆ ಹಳೆಯ ಸ್ಪ್ರಿಂಗ್ ವಾಪಸ್ ಕೇಳಿ

ಚಿಕ್ಕಮಗಳೂರು, ಹಾಸನ, ಮೂಡಿಗೆರೆ, ಸಕಲೇಶಪುರದ ಕಡೆ ಪೋಲೊ, ಸ್ವಿಫ್ಟ್, ಐ20 ಎನ್ ಲೈನ್‌ನಂಥ ಚುರುಕಾದ ಸಣ್ಣ ಕಾರು ಇಟ್ಟುಕೊಂಡು, ಅದರ ಎತ್ತರವನ್ನು ಒಂದೂವರೆ ಇಂಚಿನಷ್ಟು ತಗ್ಗಿಸಿದರೆ ನೋಟವೂ ಚೆನ್ನ, ಘಾಟಿಯಲ್ಲಿ ಹಿಡಿತವೂ ಚೆನ್ನ ಎಂದು ಲೆಕ್ಕ ಹಾಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಾರನ್ನು ತಗ್ಗಿಸಲೇಬಾರದೆಂದು ನಾನು ಹೇಳುವುದಿಲ್ಲ. ಆದರೆ ಅಂಗಡಿಯವರು ಎಷ್ಟು ಮಿಲಿಮೀಟರ್ ತಗ್ಗುತ್ತದೆ ಎಂಬುದನ್ನು ಮಾತ್ರ ಹೇಳುತ್ತಾರೆ. ತಗ್ಗಿದ ಮೇಲೆ ಚಕ್ರ ಮೇಲಕ್ಕೆ ಚಲಿಸಲು ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನು ಹೇಳುವುದಿಲ್ಲ. ಇನ್ನು ಕೆಲವರು ನಿಮ್ಮ ಕಾರಿಗೆ ಹಾಕಿದ್ದು ಏನನ್ನು ಎಂಬುದನ್ನೇ ಹೇಳುವುದಿಲ್ಲ.

ನನ್ನದು ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, 1.2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ ಇರುವ ಕಾರು. ಪೋಲೊ ತಯಾರಿಕೆ ಭಾರತದಲ್ಲಿ 2022ರಲ್ಲಿ ನಿಂತುಹೋದ ಕಾರಣ ಇದನ್ನು ಮಾರಿ ಇಂಥದ್ದೇ ಹೊಸದನ್ನು ಕೊಳ್ಳುವ ದಾರಿ ಇರಲಿಲ್ಲ. ಆದ್ದರಿಂದ ಇರುವುದನ್ನೇ ಹದಗೊಳಿಸಲು ಹೊರಟೆ. ಬೆಂಗಳೂರಿನ ಒಂದು ವರ್ಕ್‌ಶಾಪ್ ಹೆಸರಾಂತ ಯುರೋಪಿಯನ್ ಕಂಪನಿಯ ನಾಲ್ಕು ಸ್ಪ್ರಿಂಗ್‌ಗಳು, ಹೊಸ ಬಂಪ್ ಸ್ಟಾಪ್‌ಗಳು (ಚಕ್ರ ಮೇಲೇರುವ ಚಲನೆಯನ್ನು ಕೊನೆಯಲ್ಲಿ ತಡೆಯುವ ರಬ್ಬರ್ ತುಂಡುಗಳು) ಮತ್ತು ವೀಲ್ ಅಲೈನ್‌ಮೆಂಟ್ ಸೇರಿಸಿ ಒಂದೇ ಮೊತ್ತ ಹೇಳಿತು. ಕಾರು 40 ಮಿ.ಮೀ. ತಗ್ಗುತ್ತದೆ, ಈಗಿರುವ ಶಾಕ್ ಅಬ್ಸಾರ್ಬರ್‌ಗಳೇ ಸಾಕು ಎಂದರು. ಡೀಸೆಲ್ ಪೋಲೊದ ಮುಂಭಾಗ ಹೆಚ್ಚು ಭಾರವಿರುವುದರಿಂದ ಪೆಟ್ರೋಲ್ ಕಾರಿಗೆ ಬೇರೆ ಸ್ಪ್ರಿಂಗ್ ಬೇಕಲ್ಲವೇ ಎಂದು ಕೇಳಿದಾಗ, ನಿಮ್ಮ ಮಾಡೆಲ್‌ನದ್ದೇ ತರಿಸಿದ್ದೇವೆ ಎಂಬ ಭರವಸೆ ಸಿಕ್ಕಿತು. ಕೆಲಸ ಮುಗಿದ ಮೇಲೆ ಹಳೆಯ ಸ್ಪ್ರಿಂಗ್‌ಗಳನ್ನು ಡಿಕ್ಕಿಯಲ್ಲಿ ಇಡಿ ಎಂದರೆ, ಅವು ಬೆಳಿಗ್ಗೆಯೇ ಗುಜರಿಗೆ ಹೋದವು ಎಂಬ ಉತ್ತರ ಬಂತು. ಗ್ರಾಹಕನ ಸೊತ್ತನ್ನು ಕೇಳದೆ ಗುಜರಿಗೆ ಹಾಕುವ ಅವಸರ ಏಕೆ ಎಂಬುದಕ್ಕೆ ವಿವರಣೆ ಆಮೇಲೆ ಚಿಕ್ಕಮಗಳೂರಿನಲ್ಲಿ ಸಿಕ್ಕಿತು.

ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಕುಣಿಗಲ್, ಚನ್ನರಾಯಪಟ್ಟಣ ದಾಟಿ ಹಾಸನ ಮುಟ್ಟುವವರೆಗೆ ಕಾರು ಬಹಳ ಚೆನ್ನಾಗಿಯೇ ಓಡಿತು. ನಯವಾದ ಹೆದ್ದಾರಿಯಲ್ಲಿ ತಗ್ಗಿಸಿದ ಯಾವ ಕಾರೂ ಚೆನ್ನಾಗಿಯೇ ಓಡುತ್ತದೆ, ಏಕೆಂದರೆ ಅಲ್ಲಿ ಚಕ್ರ ಹೆಚ್ಚು ಮೇಲೆ ಕೆಳಗೆ ಚಲಿಸುವುದೇ ಇಲ್ಲ. ಬೇಲೂರಿನ ಕಡೆ ತಿರುಗಿ ಊರೂರಿನ ಹಂಪ್‌ಗಳು ಶುರುವಾದ ಮೇಲೆ ಅಡಿಭಾಗ ಉಜ್ಜತೊಡಗಿತು. ಭಾರತೀಯ ರಸ್ತೆ ಕಾಂಗ್ರೆಸ್‌ನ 1988ರ ಮಾರ್ಗಸೂಚಿಯ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕಿತ್ತು ಮತ್ತು ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವಂತಿರಬೇಕಿತ್ತು. ಹಾಗೆ ಕಟ್ಟಿದ ಹಂಪನ್ನು ತಗ್ಗಿಸಿದ ಕಾರು ಕೂಡ ನಿಧಾನವಾಗಿ ದಾಟುತ್ತದೆ. ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಒಂದು ಲೋಡ್ ಡಾಂಬರನ್ನು ಅಡ್ಡಲಾಗಿ ಸುರಿದು ಬಿಟ್ಟಂಥ ಗಿಡ್ಡ ಅಗಲದ, ಚೂಪು ಏರಿನ ದಿಬ್ಬ. ಅದರ ಮೇಲೆ ಮುಂದಿನ ಚಕ್ರ ಇಳಿದು ಹಿಂದಿನದು ಇನ್ನೂ ಏರದೆ ಇರುವ ಕ್ಷಣದಲ್ಲಿ ಕಾರಿನ ಹೊಟ್ಟೆ ತಾಗುತ್ತದೆ. ಪೋಲೊದ ಗ್ರೌಂಡ್ ಕ್ಲಿಯರೆನ್ಸ್ ಮೊದಲೇ 165 ಮಿ.ಮೀ. ಆಸುಪಾಸು. ಅದರಲ್ಲಿ 40 ಕಳೆದು, ನಾಲ್ವರನ್ನು ಕೂರಿಸಿ, ಡಿಕ್ಕಿಗೆ ಲಗೇಜು ತುಂಬಿದರೆ ಉಳಿಯುವುದರಲ್ಲಿ ತೋಟದ ರಸ್ತೆಯ ನಡುವಿನ ಹುಲ್ಲುದಿಣ್ಣೆಯನ್ನು ದಾಟುವುದೂ ಕಷ್ಟ. ಆದರೆ ಉಜ್ಜುವುದು ಸದ್ದು ಮಾಡಿ ಎಚ್ಚರಿಸುವ ತೊಂದರೆ. ನಿಧಾನಿಸಿದರೆ ಅದನ್ನು ನಿಭಾಯಿಸಬಹುದು. ನಿಜವಾದ ಅಪಾಯ ಎದುರಾದದ್ದು ಚಾರ್ಮಾಡಿಯಲ್ಲಿ.

ಧರ್ಮಸ್ಥಳಕ್ಕೆ ಹೊರಟು ಕೊಟ್ಟಿಗೆಹಾರ ದಾಟಿ ಘಾಟಿ ಇಳಿಯುತ್ತಿದ್ದೆವು. ಮಳೆ ಬಂದು ನಿಂತಿತ್ತು, ರಸ್ತೆ ಒದ್ದೆಯಾಗಿತ್ತು, ವೇಗ ಹೆಚ್ಚೇನೂ ಇರಲಿಲ್ಲ. ಎಡ ತಿರುವಿನ ಮಧ್ಯದಲ್ಲಿ ಡಾಂಬರು ಕುಸಿದು ಆಗಿದ್ದ ಒಂದು ತಗ್ಗಿಗೆ ಬಲಗಡೆಯ ಮುಂದಿನ ಚಕ್ರ ಇಳಿದು ಏರುತ್ತಿದ್ದಂತೆ ‘ದಡ್’ ಎಂಬ ಸದ್ದು ಬಂತು. ಸ್ಟೀರಿಂಗ್ ಹಗುರವಾಗಿ, ಕಾರಿನ ಮೂತಿ ತಿರುವನ್ನು ಬಿಟ್ಟು ಎದುರು ಬರುವ ವಾಹನಗಳ ಪಥದ ಕಡೆಗೆ ಜಾರಿತು. ಎದುರಿಗೆ ಬಸ್ಸು ಇರಲಿಲ್ಲ ಎಂಬುದೊಂದೇ ಪುಣ್ಯ.

ಆಗ ನಡೆದದ್ದು ಇಷ್ಟು. ತಿರುವಿನಲ್ಲಿ ಕಾರಿನ ಭಾರ ಹೊರಗಿನ ಚಕ್ರಗಳ ಮೇಲೆ ಬೀಳುತ್ತದೆ, ಆ ಬದಿಯ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ತಗ್ಗಿಸಿದ ಕಾರಿನಲ್ಲಿ ಸ್ಪ್ರಿಂಗ್ ಅದುಮಲು ಉಳಿದಿರುವ ಜಾಗವೇ ಕಡಿಮೆ. ಅದರ ಮೇಲೆ ಗುಂಡಿಯ ಹೊಡೆತವೂ ಸೇರಿದಾಗ ಶಾಕ್ ಅಬ್ಸಾರ್ಬರ್ ತನ್ನ ದಾರಿ ಮುಗಿಸಿ ಬಂಪ್ ಸ್ಟಾಪ್‌ನ ರಬ್ಬರಿಗೆ ಬಡಿಯುತ್ತದೆ. ಆ ಕ್ಷಣದಿಂದ ಆ ಮೂಲೆಯಲ್ಲಿ ಸಸ್ಪೆನ್ಷನ್ ಇಲ್ಲವೆಂದೇ ಲೆಕ್ಕ. ಮುಂಭಾಗ ಹಠಾತ್ತನೆ ಗಡುಸಾಗಿ, ಒಂದೇ ಟೈರಿನ ಮೇಲೆ ಹೊರೆ ಜಿಗಿದು, ಮುಂದಿನ ಎರಡು ಟೈರುಗಳು ಸೇರಿ ಕೊಡುತ್ತಿದ್ದ ಹಿಡಿತ ಕಡಿಮೆಯಾಗುತ್ತದೆ. ಒಣರಸ್ತೆಯಲ್ಲಿ ಇದು ಒಂದು ಕುಲುಕಾಟವಾಗಿ ಮುಗಿಯಬಹುದು. ಒದ್ದೆ ರಸ್ತೆಯಲ್ಲಿ ಟೈರು ಹಿಡಿತವನ್ನೇ ಬಿಟ್ಟುಬಿಡುತ್ತದೆ.

ಸ್ಪ್ರಿಂಗ್ ಗಟ್ಟಿಯಿರುವುದರಿಂದ ಅದು ಅಷ್ಟು ಅದುಮುವುದಿಲ್ಲ, ಆದ್ದರಿಂದ ಬಂಪ್ ಸ್ಟಾಪ್ ತಾಗುವುದಿಲ್ಲ ಎಂಬುದು ಇಂಥ ಅಂಗಡಿಗಳ ಸಿದ್ಧ ಉತ್ತರ. ಇದನ್ನು ಲೆಕ್ಕಕ್ಕೆ ಹಚ್ಚಿ ನೋಡಿ. ಸ್ಪ್ರಿಂಗ್ ಹೀರುವ ಶಕ್ತಿ ಅದು ಅದುಮಿದ ದೂರದ ವರ್ಗಕ್ಕೆ ಅನುಗುಣವಾಗಿರುತ್ತದೆ. ಉದಾಹರಣೆಗೆ ನಿಂತ ಸ್ಥಿತಿಯಿಂದ ಬಂಪ್ ಸ್ಟಾಪ್‌ವರೆಗೆ 80 ಮಿ.ಮೀ. ಜಾಗವಿದ್ದ ಕಾರನ್ನು 40 ಮಿ.ಮೀ. ತಗ್ಗಿಸಿದರೆ ಅರ್ಧ ಜಾಗ ಉಳಿಯುತ್ತದೆ. ಅದೇ ಗುಂಡಿಯ ಅದೇ ಹೊಡೆತವನ್ನು ಅರ್ಧ ಜಾಗದಲ್ಲಿ ಹೀರಬೇಕಾದರೆ ಸ್ಪ್ರಿಂಗ್ ನಾಲ್ಕು ಪಟ್ಟು ಗಟ್ಟಿಯಿರಬೇಕು. ರಸ್ತೆ ಬಳಕೆಯ ತಗ್ಗು ಸ್ಪ್ರಿಂಗ್‌ಗಳು ಮೂಲದ್ದಕ್ಕಿಂತ ತುಸು ಹೆಚ್ಚು ಗಟ್ಟಿಯಿರುತ್ತವೆ, ನಾಲ್ಕು ಪಟ್ಟಿನ ಹತ್ತಿರಕ್ಕೂ ಬರುವುದಿಲ್ಲ. ಉಳಿದ ಹೊಡೆತವನ್ನೆಲ್ಲ ತಿನ್ನುವುದು ಬಂಪ್ ಸ್ಟಾಪ್, ಅದರ ನಂತರ ಕಾರಿನ ಬಾಡಿ, ಕೊನೆಗೆ ನಿಮ್ಮ ಬೆನ್ನು. ಇದಕ್ಕೆ ಸೇರಿಕೊಂಡಂತೆ ಮುಂದಿನ ಚಕ್ರಗಳನ್ನು ಕೆಳಗಿನಿಂದ ಕಾರಿಗೆ ಜೋಡಿಸುವ ಲೋವರ್ ಆರ್ಮ್‌ಗಳ ಕೋನವೂ ಬದಲಾಗುತ್ತದೆ. ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬದಂತೆ ಜೋಡಿಸಿದ ವ್ಯವಸ್ಥೆ) ಇರುವ ಕಾರುಗಳಲ್ಲಿ ಹೀಗಾದಾಗ ಬಾಡಿ ವಾಲುವ ಕೇಂದ್ರಬಿಂದುವು ಕಾರಿನ ಭಾರಕೇಂದ್ರಕ್ಕಿಂತಲೂ ಹೆಚ್ಚು ಕೆಳಗಿಳಿಯುತ್ತದೆ. ಕಾರು ತಗ್ಗಾಗಿ ಕಂಡರೂ ಅದನ್ನು ವಾಲಿಸುವ ಸನ್ನೆಕೋಲು ಉದ್ದವಾಗುತ್ತದೆ. ವಾಲುವುದು ಕಡಿಮೆಯಾದಂತೆ ಅನ್ನಿಸುವುದು ಗಟ್ಟಿ ಸ್ಪ್ರಿಂಗಿನಿಂದಲೇ ಹೊರತು ಎತ್ತರ ಇಳಿದದ್ದರಿಂದಲ್ಲ.

ಘಾಟಿಯಿಂದ ಬಂದವನು ಚಿಕ್ಕಮಗಳೂರಿನಲ್ಲಿ ನಮ್ಮ ಮನೆಯ ಜೀಪು, ಪಿಕಪ್‌ಗಳನ್ನು ಮೊದಲಿನಿಂದಲೂ ನೋಡಿಕೊಳ್ಳುವ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಕಾರು ಬಿಟ್ಟೆ. ಲಿಫ್ಟ್ ಮೇಲೆ ಏರಿಸಿ ನಾಲ್ಕೂ ಚಕ್ರಗಳು ಜೋತಾಡುವಂತಾದಾಗ ಅವರು ಹಿಂದಿನ ಸ್ಪ್ರಿಂಗನ್ನು ಕೈಯಿಂದಲೇ ಗಿರ್ರನೆ ತಿರುಗಿಸಿ ತೋರಿಸಿದರು. ಪೋಲೊದ ಹಿಂಭಾಗದಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ. ಆಕ್ಸಲ್ ತೊಲೆ ಮತ್ತು ಬಾಡಿಯ ನಡುವೆ ಸ್ಪ್ರಿಂಗ್ ತನ್ನ ಬಿಗಿಯಿಂದಲೇ ನಿಂತಿರುತ್ತದೆ. ಅದು ಸಡಿಲವಾಗಿ ತಿರುಗುತ್ತಿದೆ ಎಂದರೆ ಚಕ್ರ ಪೂರ್ತಿ ಕೆಳಗಿಳಿದಾಗ ಅದನ್ನು ಹಿಡಿದಿಡುವಂಥದ್ದು ಏನೂ ಇಲ್ಲ ಎಂದರ್ಥ. ಹೊರಗೆ ತೆಗೆದು ತುದಿಯನ್ನು ಬೆಳಕಿಗೆ ಹಿಡಿದು, “ಇದು ಕಂಪನಿ ಕೊಟ್ಟ ತುದಿಯಲ್ಲ ಸಾರ್, ಗ್ರೈಂಡರ್ ಕೊಟ್ಟ ತುದಿ” ಎಂದರು. ಮೇಲೆ ಬಳಿದ ಹೊಸ ಬಣ್ಣವನ್ನು ಉಜ್ಜಿದಾಗ ಕೆಳಗೆ ಕಾರಿನೊಂದಿಗೇ ಬಂದಿದ್ದ ಹಳೆಯ ಬಣ್ಣ ಕಂಡಿತು. ಗುಜರಿಗೆ ಹೋಗಿವೆ ಎಂದಿದ್ದ ನನ್ನ ಕಾರಿನ ಹಿಂಬದಿಯ ಎರಡು ಸ್ಪ್ರಿಂಗ್‌ಗಳು ಗುಜರಿಗೆ ಹೋಗಿರಲೇ ಇಲ್ಲ. ಒಂದೊಂದು ಸುತ್ತು ಕಳೆದುಕೊಂಡು, ಬಣ್ಣ ಬಳಿಸಿಕೊಂಡು ನನ್ನ ಕಾರಿನಲ್ಲಿಯೇ ಕುಳಿತಿದ್ದವು.

ಸ್ಪ್ರಿಂಗ್ ಕತ್ತರಿಸುವುದು ಅಗ್ಗದ ಉಪಾಯ, ಅದರ ಪರಿಣಾಮ ಅಗ್ಗವಲ್ಲ. ಕೆಲಸ ಮಾಡುವ ಆರು ಸುತ್ತುಗಳಲ್ಲಿ ಒಂದನ್ನು ಕತ್ತರಿಸಿದರೆ ಉಳಿದ ಐದು ಸುತ್ತುಗಳ ಸ್ಪ್ರಿಂಗ್ ಶೇ. 20ರಷ್ಟು ಗಟ್ಟಿಯಾಗುತ್ತದೆ, ಆ ಗಟ್ಟಿತನ ಯಾರೂ ಲೆಕ್ಕ ಹಾಕಿ ಕೊಟ್ಟದ್ದಲ್ಲ. ರಬ್ಬರ್ ಸೀಟಿನಲ್ಲಿ ಕೂರಲೆಂದೇ ರೂಪಿಸಿದ ತುದಿಯೇ ಹೋಗಿರುವುದರಿಂದ ಮೊಂಡುತುದಿ ಸೀಟನ್ನು ಕೊರೆಯುತ್ತ ಹೋಗುತ್ತದೆ. ಗ್ಯಾಸ್ ಕಟರ್ ಬಳಸಿದ್ದರೆ ಇನ್ನೂ ಕೆಟ್ಟದ್ದು, ಕಾಯಿಸಿದ ಕಡೆ ಉಕ್ಕು ತನ್ನ ಹದ ಕಳೆದುಕೊಂಡು ಕುಗ್ಗಬಹುದು ಇಲ್ಲವೇ ಮುರಿಯಬಹುದು. ಚಕ್ರ ಗುಂಡಿಗೆ ಇಳಿದು ಜೋತುಬಿದ್ದ ಕ್ಷಣದಲ್ಲಿ ಇಂಥ ಸ್ಪ್ರಿಂಗ್ ಸೀಟು ತಪ್ಪಿದರೆ ಆ ಮೂಲೆ ಕುಸಿದು ಕೂರುತ್ತದೆ.

ಮುಂದಿನ ಎರಡು ಸ್ಪ್ರಿಂಗ್‌ಗಳು ಕತ್ತರಿಸಿದವಾಗಿರಲಿಲ್ಲ, ಆದರೆ ಅವುಗಳ ಮೇಲೆ ಕಂಪನಿಯ ಗುರುತಾಗಲಿ ಪಾರ್ಟ್ ನಂಬರಾಗಲಿ ಇರಲಿಲ್ಲ. ಹೊಸ ಬಂಪ್ ಸ್ಟಾಪ್ ಎಂದು ಹಣ ಪಡೆದಿದ್ದರು, ಒಳಗಿದ್ದದ್ದು ಹಳೆಯವು. ಬಲಗಡೆಯ ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಒಸರುತ್ತಿತ್ತು. ಮುಂದಿನ ಟೈರುಗಳ ಒಳ ಅಂಚು ಸವೆದಿತ್ತು. ಬಿಲ್ಲಿನಲ್ಲಿ ವೀಲ್ ಅಲೈನ್‌ಮೆಂಟ್‌ಗೆ ಹಣ ಹಾಕಿದ್ದರೂ ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್‌ನ ಲಾಕ್ ನಟ್ ಮೇಲಿನ ತುಕ್ಕು ಕದಲಿರಲಿಲ್ಲ. ಕಾರು ಇಷ್ಟು ತಗ್ಗಿದಾಗ ಕ್ಯಾಂಬರ್ (ಚಕ್ರ ಒಳಗೆ ಅಥವಾ ಹೊರಗೆ ವಾಲಿರುವ ಕೋನ) ಮತ್ತು ಟೋ (ಎರಡು ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಎರಡೂ ಬದಲಾಗಿಯೇ ತೀರುತ್ತವೆ. ಆ ನಟ್ ಸಡಿಲಿಸದೆ ಟೋ ಸರಿಪಡಿಸಲು ಆಗುವುದಿಲ್ಲ. ಅಂದರೆ ಅಲೈನ್‌ಮೆಂಟ್ ಕಾಗದದ ಮೇಲೆ ಮಾತ್ರ ನಡೆದಿತ್ತು.

ಆದ್ದರಿಂದ ತಗ್ಗಿಸಲೇಬೇಕೆಂದು ತೀರ್ಮಾನಿಸಿದವರು ಕೆಲಸಕ್ಕೆ ಕೈ ಹಾಕುವ ಮೊದಲೇ ಡಬ್ಬಿಯನ್ನು ತಮ್ಮ ಎದುರಿಗೇ ತೆರೆಯಿಸಿ, ಸ್ಪ್ರಿಂಗಿನ ಮೇಲಿನ ಪಾರ್ಟ್ ನಂಬರನ್ನು ಕಂಪನಿಯ ಪಟ್ಟಿಯಲ್ಲಿ ತಮ್ಮ ಕಾರಿನ ಎಂಜಿನ್‌ಗೆ ಹೊಂದುತ್ತದೆಯೇ ಎಂದು ನೋಡಬೇಕು. ಕೆಲಸಕ್ಕೆ ಮುಂಚೆ ಮತ್ತು ನಂತರ ನಾಲ್ಕೂ ಕಡೆ ಚಕ್ರದ ನಡುಬಿಂದುವಿನಿಂದ ಫೆಂಡರ್ ಕಮಾನಿನವರೆಗೆ ಅಳೆದು ಬರೆದಿಡಬೇಕು. ನೆಲದಿಂದ ಅಳೆದರೆ ಟೈರಿನ ಗಾಳಿಯ ವ್ಯತ್ಯಾಸವೂ ಅದರಲ್ಲಿ ಸೇರಿಬಿಡುತ್ತದೆ. ಹಳೆಯ ಸ್ಪ್ರಿಂಗ್‌ಗಳು ಡಿಕ್ಕಿಗೆ ಬಾರದೆ ಹಣ ಕೊಡಬಾರದು. ಶಾಕ್ ಅಬ್ಸಾರ್ಬರ್ ಹಳೆಯದೇ ಸಾಕು ಎನ್ನುವವರ ಮಾತನ್ನು ನಾನಂತೂ ಇನ್ನು ಕೇಳುವುದಿಲ್ಲ. ಶಾಕ್ ಅಬ್ಸಾರ್ಬರ್ ತಯಾರಿಸುವ ಬಿಲ್‌ಸ್ಟೈನ್ ಕಂಪನಿ ಮೂಲ ಎತ್ತರದ ಕಾರಿಗೆ ಬಿ6, ತಗ್ಗಿಸಿದ ಕಾರಿಗೆ ಗಿಡ್ಡವಾದ ಬಿ8 ಎಂದು ಎರಡು ಬಗೆ ಮಾಡುವುದು ಸುಮ್ಮನೆ ಅಲ್ಲ. ಎತ್ತರ ಹೊಂದಿಸಬಹುದಾದ ಕಾಯಿಲ್‌ಓವರ್‌ಗಳು (ಶಾಕ್ ಅಬ್ಸಾರ್ಬರ್ ಸುತ್ತಲೇ ಸ್ಪ್ರಿಂಗ್ ಇರುವ ಜೋಡಿ) ಒಳ್ಳೆಯವೇ ಆದರೂ, ಮಲೆನಾಡಿನ ಮಳೆ ಮತ್ತು ಕೆಂಪುಮಣ್ಣಿಗೆ ಎತ್ತರ ಹೊಂದಿಸುವ ಅವುಗಳ ತಿರುಪಿನ ಎಳೆಗಳು ಬಿಗಿದುಕೊಳ್ಳುತ್ತವೆ. ಪ್ರತಿ ಮಳೆಗಾಲದ ನಂತರ ತೊಳೆದು ಗ್ರೀಸ್ ಹಚ್ಚುವ ತಾಳ್ಮೆ ಇಲ್ಲದವರಿಗೆ ಅವು ಹೊಂದಿಸಲಾಗದ ಕಾಯಿಲ್‌ಓವರ್‌ಗಳಾಗಿ ಉಳಿಯುತ್ತವೆ.

ನನ್ನ ಕಾರು ಈಗ ಮೂಲ ಎತ್ತರದ ಹೊಸ ಸ್ಪ್ರಿಂಗ್, ಉತ್ತಮ ಶಾಕ್ ಅಬ್ಸಾರ್ಬರ್, ಹೊಸ ಬುಷ್‌ಗಳು ಮತ್ತು ಒಳ್ಳೆಯ ಟೈರುಗಳ ಮೇಲೆ ಓಡುತ್ತಿದೆ. ಘಾಟಿಯಲ್ಲಿ ತಗ್ಗಿಸಿದ್ದಾಗಿನದಕ್ಕಿಂತ ನಿಸ್ಸಂದೇಹವಾಗಿ ವೇಗವಾಗಿಯೂ ನೆಮ್ಮದಿಯಿಂದಲೂ ಓಡುತ್ತದೆ. 2016ರಲ್ಲಿ ಏಷ್ಯಾ ಪೆಸಿಫಿಕ್ ರ್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತು ನಮ್ಮ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ನಡೆದಾಗ ಭಾರತದ ರ್ಯಾಲಿ ಚಾಲಕ ಗೌರವ್ ಗಿಲ್ ಓಡಿಸಿದ್ದು ಪೋಲೊದ ದಾಯಾದಿಯೇ ಆದ ಸ್ಕೋಡಾ ಫ್ಯಾಬಿಯಾವನ್ನು. ಮಣ್ಣಿನ ರ್ಯಾಲಿಗೆ ಇಳಿಯುವ ಅಂಥ ಕಾರುಗಳು ನೆಲಕ್ಕೆ ಅಂಟಿಕೊಂಡಿರುವುದಿಲ್ಲ. ಎತ್ತರವಾಗಿ ನಿಂತು, ಚಕ್ರಕ್ಕೆ ಉದ್ದನೆಯ ಚಲನೆ ಬಿಟ್ಟುಕೊಟ್ಟಿರುತ್ತವೆ. ನಮ್ಮ ಜಿಲ್ಲೆಯ ಹುಡುಗರು ನಕಲು ಮಾಡಬೇಕಾದರೆ ಅದನ್ನು ಮಾಡಲಿ.

ಕಾನೂನಿನ ಮಾತನ್ನೂ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ವಿಮಾ ಕಂಪನಿಗೆ ತಿಳಿಸದ ಬದಲಾವಣೆ ಅಪಘಾತದ ಕ್ಲೇಮ್ ಸಮಯದಲ್ಲಿ ತಕರಾರಿಗೆ ಕಾರಣವಾಗುತ್ತದೆ.

ಆ ವರ್ಕ್‌ಶಾಪಿನವರು ಮೊದಲು ಫೋನ್ ತೆಗೆಯುತ್ತಿದ್ದರು, ಕತ್ತರಿಸಿದ ಸ್ಪ್ರಿಂಗಿನ ಫೋಟೊ ಕಳಿಸಿದ ಮೇಲೆ ತೆಗೆಯುವುದನ್ನು ನಿಲ್ಲಿಸಿದರು. ಅವರು ಕೊಟ್ಟ ಬಿಲ್ಲಿನಲ್ಲಿ ‘ಸಸ್ಪೆನ್ಷನ್ ಕೆಲಸ’ ಎಂದಷ್ಟೇ ಇದ್ದು, ಕಂಪನಿಯ ಹೆಸರು ಮತ್ತು 40 ಮಿ.ಮೀ. ಎಂಬ ಭರವಸೆ ವಾಟ್ಸ್‌ಆ್ಯಪ್ ಸಂದೇಶದಲ್ಲಿ ಮಾತ್ರ ಉಳಿದಿದೆ. ನಾನು ಅದನ್ನು ಅಳಿಸದೆ ಇಟ್ಟುಕೊಂಡಿದ್ದೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರನ್ನು ಅಂಗಡಿ ಇರುವ ಊರಿನಲ್ಲೇ ಕೊಡಬೇಕೆಂದಿಲ್ಲ, ದೂರುದಾರ ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ಕೊಡಬಹುದು. ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ಇದೇ ರೀತಿ ಮೋಸಹೋಗಿರುವವರು ಕತ್ತರಿಸಿದ ಸ್ಪ್ರಿಂಗನ್ನು ಸಿಟ್ಟಿನಲ್ಲಿ ಎಸೆಯದೆ, ತೆಗೆಯುವಾಗಿನ ಫೋಟೊ ಮತ್ತು ಬಿಚ್ಚಿದ ಮೆಕ್ಯಾನಿಕ್‌ನಿಂದ ಬರೆಸಿಕೊಂಡ ಒಂದು ಟಿಪ್ಪಣಿಯ ಜೊತೆ ಜೋಪಾನವಾಗಿ ತೆಗೆದಿಡಿ.