ಎಡಿಯಲ್ಲಿ ಹೆಸರು ಬದಲಿಸಲು ಮೌಸ್ ಸಾಕಾ, ಪವರ್‌ಶೆಲ್ ಬೇಕಾ?

ಮದುವೆಯಾದ ಮೇಲೆ ಒಬ್ಬರ ಇನಿಷಿಯಲ್ ಬದಲಾಗಿದೆ, ಆಫೀಸಿನ ಅಕೌಂಟುಗಳನ್ನೆಲ್ಲ ಇಡುವ ಮೈಕ್ರೋಸಾಫ್ಟಿನ ಆಕ್ಟಿವ್ ಡೈರೆಕ್ಟರಿಯಲ್ಲೂ (ಎಡಿ) ಬದಲಿಸಬೇಕು. ಹಳೇ ಅಕೌಂಟ್ ಅಳಿಸಿ ಹೊಸದು ಮಾಡೋ ಯೋಚನೆ ಮಾತ್ರ ಬೇಡ. ಹೊಸ ಅಕೌಂಟಿಗೆ ಹೊಸ ಎಸ್‌ಐಡಿ (ವಿಂಡೋಸ್ ಅಕೌಂಟನ್ನು ಗುರುತಿಸುವ ಸಂಖ್ಯೆ) ಬರುತ್ತದೆ. ಆಮೇಲೆ ಒಂದೊಂದೇ ಫೋಲ್ಡರಿಗೆ ಪರ್ಮಿಷನ್ ಕೊಡುತ್ತಾ ಕೂರಬೇಕು. ರೀನೇಮ್ ಮಾಡಿದರೆ ಎಸ್‌ಐಡಿ ಹಾಗೇ ಇರುತ್ತದೆ, ಗ್ರೂಪ್‌ಗಳೂ ಕೈಬಿಡುವುದಿಲ್ಲ.

ಒಂದಿಬ್ಬರಾದರೆ 'ಯೂಸರ್ಸ್ ಅಂಡ್ ಕಂಪ್ಯೂಟರ್ಸ್' ವಿಂಡೋನೇ ವಾಸಿ. ರೈಟ್ ಕ್ಲಿಕ್, ರೀನೇಮ್, ಎಂಟರ್. ಆಗ ಬರುವ ಪೆಟ್ಟಿಗೆ ಪೂರ್ತಿ ಹೆಸರು, ಡಿಸ್‌ಪ್ಲೇ ನೇಮ್, ಲಾಗಾನ್ ಹೆಸರು ಎಲ್ಲವನ್ನೂ ಒಟ್ಟಿಗೆ ತೋರಿಸುತ್ತದೆ. ಮರೆಯಲು ಬಿಡಲ್ಲ, ಅದೇ ಅದರ ದೊಡ್ಡ ಗುಣ.

ಟೈಪ್ ಮಾಡಿ ಕೆಲಸ ಮಾಡಿಸುವ ಪವರ್‌ಶೆಲ್‌ನ 'ರೀನೇಮ್-ಎಡಿಆಬ್ಜೆಕ್ಟ್' ಕಮಾಂಡ್ ಹಾಗಲ್ಲ. ಪಟ್ಟಿಯಲ್ಲಿ ಕಾಣುವ ಹೆಸರನ್ನು, ಅಂದರೆ ಸಿಎನ್ ಅನ್ನು ಮಾತ್ರ ಬದಲಿಸುತ್ತದೆ. ನಾನೂ ಮೊದಲ ಸಲ ಮೋಸ ಹೋದೆ: ಪಟ್ಟಿಯಲ್ಲಿ ಹೊಸ ಹೆಸರು, ಲಾಗಿನ್ ಮಾತ್ರ ಹಳೆಯದರಲ್ಲೇ! ಲಾಗಾನ್ ಹೆಸರು, ಡಿಸ್‌ಪ್ಲೇ ನೇಮ್‌ಗೆ 'ಸೆಟ್-ಎಡಿಯೂಸರ್' ಬೇರೆ ಓಡಿಸಬೇಕು. ಆದರೆ 200 ಹೆಸರುಗಳ ಪಟ್ಟಿ ಇರುವ ಸಿಎಸ್‌ವಿ ಫೈಲ್ ಕೈಗೆ ಬಂದಾಗ ಮೌಸ್ ಹಿಡಿದು ಕೂರೋಕಾಗುತ್ತಾ? ಆಗ ಇದೇ ಗತಿ. ಮೊದಲು 'ವಾಟ್‌ಇಫ್' ಹಾಕಿ ನೋಡಿ, ಏನೂ ಬದಲಾಗದೆ ಏನಾಗಲಿದೆ ಅಂತ ಮಾತ್ರ ತೋರಿಸುತ್ತದೆ.

ಯಾವ ದಾರಿ ಹಿಡಿದರೂ ಡಿಎನ್ (ಡೈರೆಕ್ಟರಿಯೊಳಗೆ ಅಕೌಂಟಿನ ಪೂರ್ತಿ ವಿಳಾಸ) ಬದಲಾಗುತ್ತದೆ. ಹಳೇ ಡಿಎನ್ ಬರೆದಿಟ್ಟುಕೊಂಡ ಎಲ್‌ಡ್ಯಾಪ್ ಆ್ಯಪ್ (ಡೈರೆಕ್ಟರಿಯಿಂದ ಮಾಹಿತಿ ಓದುವ ಆ್ಯಪ್) ಇದ್ದರೆ ಅದು ಮುನಿಸಿಕೊಳ್ಳುತ್ತದೆ. ಇನ್ನು ಸಿ ಡ್ರೈವಿನ ಯೂಸರ್ಸ್ ಒಳಗಿನ ಪ್ರೊಫೈಲ್ ಫೋಲ್ಡರ್? ಅದು ಹಳೇ ಹೆಸರಲ್ಲೇ ಇರುತ್ತದೆ. ಸುಮ್ನೆ ಬಿಟ್ಟುಬಿಡಿ.