ಒಂದೇ ಸೂಲಿನ ಎರಡು ನಾಯಿಮರಿಗೆ 36 ಇಂಚಿನ ಮಡಚುವ ಕೇಜ್: ಕೊಳ್ಳುವುದಾದರೆ ಎರಡು ಕೊಳ್ಳಿ

ಅಕ್ಕತಂಗಿ ಮರಿಗಳೋ ಅಣ್ಣತಮ್ಮ ಮರಿಗಳೋ ಒಟ್ಟಿಗೆ ಮನೆಗೆ ಬಂದಿವೆ, ಕೇಜ್ ಬೇಕು ಎಂದು ತುಮಕೂರಿನ ಪೆಟ್ ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ತೋರಿಸುವುದು 42 ಇಂಚಿನ ದೊಡ್ಡ ತಂತಿ ಕೇಜ್. "ಮಧ್ಯೆ ಜಾಲರಿ ಹಾಕ್ಬಿಡಿ, ಎರಡಕ್ಕೂ ಆಗುತ್ತೆ" ಅನ್ನುತ್ತಾರೆ. ಆಗಲ್ಲ. ಆ ಅಡ್ಡಜಾಲರಿ ಮಾಡಿರುವುದು ಒಂದು ಮರಿ ಬೆಳೆಯುತ್ತಾ ಹೋದಂತೆ ಜಾಗ ಹಿಗ್ಗಿಸಲು. ಅದರ ಕೊಕ್ಕೆಗಳು ಖಾಲಿ ಇರುವ ಬದಿಗೆ ಬರಬೇಕು. ಎರಡೂ ಬದಿ ಮರಿ ಇದ್ದರೆ ಒಂದಕ್ಕಾದರೂ ಕೊಕ್ಕೆ ಬಾಯಿಗೆ ಸಿಗುತ್ತದೆ, ಎರಡು ರಾತ್ರಿಯಲ್ಲಿ ಕಿತ್ತು ಹಾಕುತ್ತದೆ. ಜಾಲರಿಯ ಕೆಳಗೆ ಟ್ರೇಗೂ ಅದಕ್ಕೂ ಸಂದು ಉಳಿಯುವುದರಿಂದ ಅಲ್ಲಿ ಕಾಲು ಸಿಕ್ಕಿಕೊಳ್ಳುವ ಭಯ ಬೇರೆ. ಪಕ್ಕದ ಬಾಗಿಲು ಹೆಚ್ಚಾಗಿ ನಡುಭಾಗದಲ್ಲೇ ಇರುತ್ತದೆ, ಜಾಲರಿ ನಿಲ್ಲುವುದೂ ಅಲ್ಲೇ. ಹಿಂದಿನ ಮರಿಯನ್ನು ಹೊರಗೆ ತೆಗೆಯಲು ಜಾಲರಿಯನ್ನೇ ಬಿಚ್ಚಬೇಕಾದ ಪರಿಸ್ಥಿತಿ.

ಎಲ್ಲಕ್ಕಿಂತ ದೊಡ್ಡ ತೊಂದರೆ ಟ್ರೇ. ಅದು ಒಂದೇ. ಒಂದರ ಉಚ್ಚೆ ಇನ್ನೊಂದರ ಹಾಸಿಗೆಗೆ ಹರಿಯುತ್ತದೆ. ಬೆಳಿಗ್ಗೆ ಬೇಧಿ ಕಂಡರೆ ಯಾವ ಮರಿಯದು ಎಂದು ಗೊತ್ತಾಗುವುದೇ ಇಲ್ಲ. ಪಾರ್ವೊ (ವಾಂತಿ, ರಕ್ತಬೇಧಿ ತರುವ ವೈರಸ್ ರೋಗ) ಬರುವ ವಯಸ್ಸಿನ ಮರಿಗಳಲ್ಲಿ ಇದು ಸಣ್ಣ ವಿಷಯವಲ್ಲ; ಪಶು ಆಸ್ಪತ್ರೆಯಲ್ಲಿ ಮೊದಲು ಕೇಳುವುದೇ ಯಾವುದು ಊಟ ಬಿಟ್ಟಿದೆ, ಯಾವುದಕ್ಕೆ ಬೇಧಿ ಎಂದು.

ಹಾಗಾಗಿ ಇಲ್ಲಿ ಅಳೆದು ತೂಗಿರುವುದು 36 ಇಂಚಿನ, ಎರಡು ಬಾಗಿಲಿನ, ಪ್ಲಾಸ್ಟಿಕ್ ಟ್ರೇ ಇರುವ ಮಡಚುವ ಕೇಜನ್ನು, ಮರಿಗೊಂದರಂತೆ. ಅಳತೆ ಹೆಚ್ಚುಕಡಿಮೆ 36 × 23 × 25 ಇಂಚು. ನಮ್ಮ ನಾಟಿ ನಾಯಿಗಳಿಗೆ ದೊಡ್ಡವಾದ ಮೇಲೂ ಇದು ಸಾಕು. ಲ್ಯಾಬ್ರಡಾರ್‌ಗೆ 42 ಬೇಕು. ಮುಧೋಳ ನಾಯಿಗೆ ಉದ್ದಕ್ಕಿಂತ ಎತ್ತರ ನೋಡಿ ತೆಗೆದುಕೊಳ್ಳಿ, ತಲೆ ಬಗ್ಗಿಸದೆ ನಿಲ್ಲುವಂತಿರಬೇಕು. ಮೂಗಿನಿಂದ ಬಾಲದ ಬುಡದವರೆಗೆ ಅಳೆದು 4 ಇಂಚು ಸೇರಿಸುವುದು ಲೆಕ್ಕ. ಮರಿಯಿರುವಾಗ ಅಡ್ಡಜಾಲರಿ ಹಾಕಿ, ಸುತ್ತಿ ತಿರುಗಿ ಮಲಗುವಷ್ಟೇ ಜಾಗ ಬಿಡಿ. ಹೆಚ್ಚು ಬಿಟ್ಟರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯನ್ನು ಕಕ್ಕಸು ಮಾಡಿಕೊಳ್ಳುತ್ತವೆ.

ಎರಡು ಕೇಜ್ ಅಂದರೆ ದುಡ್ಡು ದಂಡ ಅನ್ನಿಸಬಹುದು. ಆದರೆ ಒಂದೇ ಸೂಲಿನ ಮರಿಗಳನ್ನು ಹಗಲೂ ರಾತ್ರಿ ಜೊತೆಗೇ ಬಿಟ್ಟರೆ ಅವು ಮನೆಯವರಿಗಿಂತ ಒಂದಕ್ಕೊಂದು ಅಂಟಿಕೊಳ್ಳುವ ಸಾಧ್ಯತೆ ಹೆಚ್ಚು. ಒಂದನ್ನು ಇಂಜೆಕ್ಷನ್‌ಗೆ ಕರೆದೊಯ್ದರೆ ಇನ್ನೊಂದು ಊರು ಒಂದು ಮಾಡುತ್ತದೆ. ಕರೆದರೆ ತಿರುಗಿ ನೋಡುವುದಿಲ್ಲ. ಧೈರ್ಯದ ಮರಿಯ ಬೆನ್ನಿಗೆ ಅಂಜುಬುರುಕ ಮರಿ ಅಡಗಿಕೊಂಡೇ ಬೆಳೆಯುತ್ತದೆ. ಆರೇಳು ತಿಂಗಳು ದಾಟಿದ ಮೇಲೆ, ಅದರಲ್ಲೂ ಎರಡೂ ಹೆಣ್ಣಾದರೆ, ತಟ್ಟೆಗೋ ಜಾಗಕ್ಕೋ ಕಚ್ಚಾಟ ಶುರುವಾಗಬಹುದು. ಪ್ರತಿ ಜೋಡಿಯೂ ಹೀಗಾಗುತ್ತದೆ ಅಂತಲ್ಲ. ಆದ ಮೇಲೆ ಸರಿಮಾಡುವುದು ಮಾತ್ರ ಬಲು ಕಷ್ಟ.

ಕ್ರಮ ಹೀಗಿರಲಿ. ಮೊದಲ ಎರಡು ಮೂರು ರಾತ್ರಿ ಕೇಜ್‌ಗಳ ನಡುವೆ ಒಂದು ಅಡಿ ಅಂತರ. ಅಂಟಿಸಿ ಇಡಬೇಡಿ, ತಂತಿ ಸಂದಿಯಲ್ಲೇ ಪರಸ್ಪರ ಕಚ್ಚುತ್ತವೆ. ಅಳು ನಿಂತ ಮೇಲೆ ಒಂದು ಮೀಟರ್, ಆಮೇಲೆ ಕೋಣೆಯ ಎರಡು ಮೂಲೆ, ಮೂರ್ನಾಲ್ಕು ವಾರದಲ್ಲಿ ಬೇರೆ ಬೇರೆ ಕೋಣೆ. ಊಟ ಅವವುಗಳ ಕೇಜ್‌ನಲ್ಲೇ, ಬಾಗಿಲು ಹಾಕಿ. ಒಂದು ವಾಕಿಂಗ್‌ಗೆ ಹೋದಾಗ ಇನ್ನೊಂದಕ್ಕೆ ಕಡಿಯಲು ಗಟ್ಟಿ ರಬ್ಬರ್ ಆಟಿಕೆ ಕೊಟ್ಟು ಕೂರಿಸಿ. ಹಗಲು ಎರಡು ತಿಂಗಳ ಮರಿಯನ್ನು ಒಂದೆರಡು ಗಂಟೆಗಿಂತ ಹೆಚ್ಚು ಮುಚ್ಚಬಾರದು. ರಾತ್ರಿ ಒಮ್ಮೆ ಎದ್ದು ಹೊರಗೆ ಬಿಡಲೇಬೇಕು. ಆಟ, ಅಂಗಳದ ಓಡಾಟ ಜೊತೆಯಲ್ಲೇ ಇರಲಿ, ಅದನ್ನು ತಪ್ಪಿಸುವ ಅಗತ್ಯವಿಲ್ಲ.

ಈಗ ಕೇಜ್‌ನ ಗುಣ ದೋಷ. ಜೋಡಿಸಲು ಸ್ಪಾನರ್, ಸ್ಕ್ರೂ ಏನೂ ಬೇಡ. ಹಿಂದಿನ ಮುಂದಿನ ಗೋಡೆ ಎತ್ತಿ ಪಕ್ಕದವನ್ನು ಕೊಕ್ಕೆಗೆ ಸಿಕ್ಕಿಸಿದರೆ ಆಯಿತು. ಗಾಳಿಯಾಡುವುದು ಇದರ ದೊಡ್ಡ ಗುಣ. ಶೀಟ್ ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನ ಕರೆಂಟ್ ಹೋದಾಗ ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯ ಕೇಜ್ ಒಲೆಯಾಗುತ್ತದೆ. ರಾತ್ರಿ ಹಳೆ ಕಾಟನ್ ಸೀರೆ ಹೊದಿಸುವುದಿದ್ದರೆ ಮೂರು ಬದಿಗೆ ಸಾಕು, ತುದಿ ಒಳಗೆ ಎಳೆಯಲು ಸಿಗಬಾರದು.

ದೋಷ ಇರುವುದು ಚಿಲಕದಲ್ಲಿ. ಎರಡು ಚಿಲಕ ಹಾಕಿದ್ದರೂ ಬಾಗಿಲಿನ ಕೆಳಮೂಲೆ ತಳ್ಳಿದರೆ ಬಗ್ಗುತ್ತದೆ, ಹಟಮಾರಿ ಮರಿ ಅಲ್ಲಿ ತಲೆ ತೂರಿಸಿ ಸಿಕ್ಕಿಕೊಳ್ಳುತ್ತದೆ. ಆ ಮೂಲೆಗೊಂದು ಸ್ಪ್ರಿಂಗ್ ಕೊಂಡಿ ಹಾಕಿ. ಅಂಗಡಿಯಲ್ಲೇ ಬಾಗಿಲು ಹಾಕಿ ಹೆಬ್ಬೆರಳಿನಿಂದ ಮೂಲೆ ಒತ್ತಿ ನೋಡುವುದು ಒಳ್ಳೆಯದು. ಒಳಗೆ ಬಿಡುವಾಗ ಕೊರಳಪಟ್ಟಿ ಬಿಚ್ಚಲೇಬೇಕು. ತಂತಿಗೆ ಸಿಕ್ಕಿದರೆ ಮರಿ ಒದ್ದಾಡಿದಷ್ಟೂ ಕುತ್ತಿಗೆ ಬಿಗಿಯುತ್ತದೆ. ತಂತಿ ಕಡಿಯುವ ಚಾಳಿ ಕಂಡರೆ ಹಲ್ಲು ಮುರಿಯುವ ಮೊದಲು ಕೂಡಿಹಾಕುವ ಸಮಯ ಕಡಿಮೆ ಮಾಡಿ.

ತೊಳೆಯುವಾಗ ಉಚ್ಚೆಯನ್ನು ಮೊದಲು ಸೋಪಿನ ನೀರಲ್ಲಿ ತೆಗೆಯಿರಿ. ಉಚ್ಚೆಯ ಮೇಲೆ ಬ್ಲೀಚ್ ಬಿದ್ದರೆ ಉಸಿರು ಕಟ್ಟುವ ಗಾಳಿ ಏಳುತ್ತದೆ. ಆಮೇಲೆ ಮನೆಬಳಕೆಯ ದ್ರವ ಬ್ಲೀಚ್ 1 ಭಾಗಕ್ಕೆ 30 ಭಾಗ ನೀರು, 10 ನಿಮಿಷ ನೆನೆಸಿ, ಚೆನ್ನಾಗಿ ತೊಳೆದು ಬಿಸಿಲಿಗೆ. ಪಾರ್ವೊಗೆ ಫಿನಾಯಿಲ್ ನಂಬುವಂತಿಲ್ಲ. ಬ್ಲೀಚ್ ಉಳಿದರೆ ತಂತಿಯ ಬಣ್ಣ ಕಿತ್ತ ಕಡೆ ತುಕ್ಕು ಶುರು. ಬೋರ್‌ವೆಲ್ಲಿನ ಗಡಸು ನೀರು ಟ್ರೇ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ವಾಸನೆ ಅದರಲ್ಲೇ ಕೂರುತ್ತದೆ. ವಿನೆಗರ್ ಹಚ್ಚಿ ಉಜ್ಜಿದರೆ ಬಿಡುತ್ತದೆ, ಆದರೆ ಬ್ಲೀಚ್ ಹಾಕಿದ ದಿನ ವಿನೆಗರ್ ಮುಟ್ಟಬೇಡಿ. ಗೋಡೆಗಳು ಮಡಚುವ ಕೀಲುಗಳಲ್ಲಿ ಉಣ್ಣೆಹುಳ ಸೇರುತ್ತವೆ, ವಾರಕ್ಕೊಮ್ಮೆ ಹಳೆ ಹಲ್ಲುಜ್ಜುವ ಬ್ರಷ್ ಆಡಿಸಿ.

ಗ್ರಿಲ್ ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ವೆಲ್ಡ್ ಮಾಡಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಬೆಳೆದ ನಾಯಿಗೆ, ಅಂಗಳದಲ್ಲಿ ನೆರಳಿದ್ದರೆ, ಸರಿ. ಮರಿಗೆ ಬೇಡ: ಕಂಬಿ ಸಂದು ಅಗಲ, ವೆಲ್ಡಿಂಗ್ ಚೂಪು ಉಳಿದಿರುತ್ತದೆ, ಹಸಿ ಬಣ್ಣ ನೆಕ್ಕುತ್ತವೆ. ಕೋಣೆಯಿಂದ ಕೋಣೆಗೆ ಒಬ್ಬರೇ ಸಾಗಿಸಲೂ ಆಗದು.

ಗ್ರಿಲ್ ಅಂಗಡಿಯವರು ನಿಜಕ್ಕೂ ಉಪಯೋಗಕ್ಕೆ ಬರುವುದು ಟ್ರೇ ವಿಷಯದಲ್ಲಿ. ಮರಿಗಳು ಮೊದಲು ಹಾಳು ಮಾಡುವುದು ಅದರ ಅಂಚನ್ನೇ, ಬಿಡಿ ಟ್ರೇ ಸುಲಭಕ್ಕೆ ಸಿಗುವುದಿಲ್ಲ. ಹಳೆಯ ಟ್ರೇ ತೋರಿಸಿ, ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಶೀಟ್‌ನಲ್ಲಿ ನಾಲ್ಕೂ ಬದಿ ಒಂದಿಂಚು ಎತ್ತಿಸಿ, ಅಂಚನ್ನು ಒಳಕ್ಕೆ ಮಡಚಿಸಿ ಮಾಡಿಸಿಕೊಳ್ಳಿ. ಮೇಲೆ ಗೋಣಿಚೀಲ ಹಾಸದಿದ್ದರೆ ಉಗುರಿನ ಸದ್ದಿಗೆ ಮನೆಯವರ ನಿದ್ದೆ ಕೆಡುತ್ತದೆ.