ಐದಾರು ಮಳೆಗಾಲ ಕಂಡ 43 ಇಂಚಿನ ಟಿ.ವಿ.: ರಿಪೇರಿಯೋ, ಹೊಸದೋ?

ಚಿತ್ರ ಹೇಗಿದೆ, ಯಾವ ಆ್ಯಪ್ ಇದೆ ಎಂಬುದನ್ನೆಲ್ಲ ಕೊಳ್ಳುವಾಗಲೇ ನೋಡಿರುತ್ತೀರಿ, ಅದು ಬಿಡಿ. ಮಡಿಕೇರಿಯ ಥಂಡಿಯಲ್ಲಿ ಐದಾರು ಮಳೆಗಾಲ ಕಳೆದ ಈ ಎಲ್‌ಇಡಿ ಟಿ.ವಿ. ಮೇಲೆ ದೊಡ್ಡ ದೂರು ಒಂದೇ. ಕಾರ್ಖಾನೆಯಿಂದ ಬರುವಾಗಲೇ ಪರದೆಯ ಹಿಂದಿನಿಂದ ಬೆಳಗುವ ಬ್ಯಾಕ್‌ಲೈಟನ್ನು ನೂರಕ್ಕೆ ಏರಿಸಿ ಕಳಿಸುತ್ತಾರೆ. ಅಂಗಡಿಯ ಝಗಮಗದಲ್ಲಿ ಎದ್ದು ಕಾಣಲಿ ಅಂತ. ಮನೆಗೆ ಬಂದ ಮೇಲೆ ಯಾರೂ ಇಳಿಸುವುದಿಲ್ಲ. ಒಳಗಿನ ಎಲ್‌ಇಡಿ ಪಟ್ಟಿಗಳು ಬಿಸಿಗೆ ಬೆಂದು, ವಾರಂಟಿ ಮುಗಿದ ಮೇಲೆ ಒಂದು ಸಂಜೆ ವಾರ್ತೆ ಕೇಳಿಸುತ್ತದೆ, ಓದುವವರು ಕಾಣಿಸುವುದಿಲ್ಲ.

ಇಷ್ಟಕ್ಕೇ "ಪ್ಯಾನೆಲ್ ಹೋಗಿದೆ, ಹೊಸದೇ ತಗೊಳ್ಳಿ" ಎನ್ನುವವರಿದ್ದಾರೆ. ನಂಬುವ ಮೊದಲು ಕೋಣೆಯ ದೀಪ ಆರಿಸಿ, ಟಿ.ವಿ. ಹಾಕಿ, ಮೊಬೈಲ್ ಟಾರ್ಚನ್ನು ಪರದೆಗೆ ಹತ್ತಿರ ಹಿಡಿದು ಓರೆಯಾಗಿ ಬೆಳಕು ಬಿಡಿ. ರಿಮೋಟಿನಲ್ಲಿ ಮೆನು ಒತ್ತಿ. ಬೆಳಕು ಬಿದ್ದ ಜಾಗದಲ್ಲಿ ಅಕ್ಷರ ಮಂಕಾಗಿಯಾದರೂ ಕಂಡರೆ ಪ್ಯಾನೆಲ್ ಜೀವಂತವಾಗಿದೆ, ಕೆಟ್ಟಿರುವುದು ಬ್ಯಾಕ್‌ಲೈಟ್. ಹಾಕಿದ ಕೂಡಲೇ ಒಮ್ಮೆ ಮಿಂಚಿ ಆರಿದರೂ ಬಹುತೇಕ ಅದೇ ಕಾಯಿಲೆ. ಎಲ್‌ಇಡಿಗಳು ಒಂದರ ಹಿಂದೊಂದು ಸಾಲಾಗಿ ಜೋಡಿಸಿರುವಂಥವು. ಒಂದು ಕಡಿದುಹೋದರೆ ಇಡೀ ಸಾಲು ಆರುತ್ತದೆ, ಡ್ರೈವರ್ ಸರ್ಕ್ಯೂಟ್ ತನ್ನ ರಕ್ಷಣೆಗೆ ಉಳಿದವನ್ನೂ ಆಫ್ ಮಾಡುತ್ತದೆ.

ಮೆಕ್ಯಾನಿಕ್ ಹತ್ತಿರ ಹೋದಾಗ ಮಾತು ಸ್ಪಷ್ಟವಿರಲಿ: ಸುಟ್ಟ ಒಂದು ಎಲ್‌ಇಡಿ ಬೇಡ, ಪಟ್ಟಿಗಳ ಪೂರ್ತಿ ಸೆಟ್ ಹಾಕಿಸಿ. ಒಂದೇ ಬದಲಿಸಿದರೆ ಅಷ್ಟೇ ಬೆಂದಿರುವ ಪಕ್ಕದ್ದು ಸ್ವಲ್ಪ ದಿನದಲ್ಲಿ ಹೋಗುತ್ತದೆ, ಕೂಲಿ ಎರಡು ಸಲ. ಟಿ.ವಿ. ಮಾಡೆಲ್ ನಂಬರ್ ಒಂದನ್ನೇ ನೋಡಿ ಪಟ್ಟಿ ತರಿಸಬಾರದು, ಒಂದೇ ಮಾಡೆಲ್‌ಗೆ ಬೇರೆ ಬೇರೆ ಪ್ಯಾನೆಲ್ ಇರುತ್ತದೆ. ಪಟ್ಟಿಯ ಮೇಲೆ ಅಚ್ಚಾದ ನಂಬರ್, ಉದ್ದ, ಎಲ್‌ಇಡಿಗಳ ಸಂಖ್ಯೆ, ಒಂದೊಂದರ ವೋಲ್ಟೇಜ್ (3 ವೋಲ್ಟೋ 6 ವೋಲ್ಟೋ), ಇಷ್ಟೂ ಹೊಂದಬೇಕು. ಪಟ್ಟಿ ತಲುಪಬೇಕಾದರೆ ಗಾಜಿನ ಪ್ಯಾನೆಲ್ ಎತ್ತಲೇಬೇಕು. ಇದಕ್ಕೆ ಇಬ್ಬರು ಬೇಕು. ಅಂಚಿನ ತೆಳು ರಿಬ್ಬನ್ ಒಂದು ಹರಿದರೂ ಕಥೆ ಮುಗಿಯಿತು. ಅದರಡಿಯ ಹಾಳೆಗಳು ಇದ್ದ ಕ್ರಮದಲ್ಲೇ ವಾಪಸ್ ಕೂರಬೇಕು, ಬೆರಳಚ್ಚು ಬಿದ್ದರೆ ಪರದೆಯಲ್ಲಿ ಕಲೆಯಾಗಿ ಕಾಣುತ್ತದೆ. ಪಟ್ಟಿ, ಕೂಲಿ ಸೇರಿ ಎರಡು-ಮೂರು ಸಾವಿರದ ಆಸುಪಾಸು. ವಾಪಸ್ ಬಂದ ದಿನವೇ ಬ್ಯಾಕ್‌ಲೈಟ್ 50ಕ್ಕೆ ಇಳಿಸಿ. ನಮ್ಮ ಮೋಡದ ಹಗಲಿಗೆ ಅಷ್ಟು ಧಾರಾಳ.

ಇಷ್ಟು ಬೈದರೂ ಒಳಗಡೆ ಈ ಟಿ.ವಿ. ನಿಜಕ್ಕೂ ಸಂತೋಷ ಕೊಡುತ್ತದೆ. ಹಿಂದಿನ ಮುಚ್ಚಳ ಬರೀ ಸ್ಕ್ರೂ ಮೇಲೆ ನಿಂತಿದೆ, ಅಂಟು ಇಲ್ಲ. ಪವರ್ ಬೋರ್ಡ್, ಮೇನ್ ಬೋರ್ಡ್, ಟಿ-ಕಾನ್ (ಪರದೆಗೆ ಚಿತ್ರ ಹಂಚುವ ಬೋರ್ಡ್) ಮೂರೂ ಬೇರೆ ಬೇರೆ, ಹೋದದ್ದನ್ನಷ್ಟೇ ಬದಲಿಸಬಹುದು. ಲೈನಿನ ಮೇಲೆ ಮರ ಬಿದ್ದು ನ್ಯೂಟ್ರಲ್ ಕಡಿದಾಗ ಮನೆಗೆ 230ರ ಬದಲು ಮುನ್ನೂರು ದಾಟಿದ ವೋಲ್ಟೇಜ್ ನುಗ್ಗುತ್ತದೆ. ಆಗ ಪವರ್ ಬೋರ್ಡಿನ ವೇರಿಸ್ಟರ್ ತಾನು ಸುಟ್ಟು, ಫ್ಯೂಸ್ ಹಾರಿಸಿ, ಉಳಿದದ್ದನ್ನು ಕಾಯುತ್ತದೆ. ಕೆಂಪು ದೀಪವೂ ಇಲ್ಲದೆ ಟಿ.ವಿ. ಸತ್ತಂತಿದ್ದರೆ ಮೊದಲು ನೋಡಬೇಕಾದ್ದು ಇವೆರಡನ್ನೇ. ಬಿಡಿಭಾಗಕ್ಕೆ ನೂರು ರೂಪಾಯಿಯೂ ಆಗುವುದಿಲ್ಲ. ವೇರಿಸ್ಟರ್ ಕಿತ್ತು ಬಿಸಾಡಿ, ಫ್ಯೂಸ್ ಜಾಗಕ್ಕೆ ತಂತಿ ಬೆಸೆದು "ಸರಿಯಾಯ್ತು" ಅಂದರೆ ಒಪ್ಪಬೇಡಿ. ನೀವೇ ಬಿಚ್ಚುವ ಉಮೇದಿದ್ದರೆ ನೆನಪಿರಲಿ, ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್ ಮೀರಿ ಉಳಿದಿರಬಹುದು.

ಸಿಡಿಲಿನದು ಬೇರೆ ದಾರಿ. ಏಪ್ರಿಲ್-ಮೇ ಗುಡುಗಿನ ಹೊತ್ತಿಗೆ ಪ್ಲಗ್ ಮಾತ್ರ ಕಿತ್ತು ನೆಮ್ಮದಿಯಾಗುವವರೇ ಹೆಚ್ಚು. ಡಿಶ್ಶಿನ ಕೇಬಲ್ಲಿನಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ವೈರಿನಲ್ಲಿ ಮೇನ್ ಬೋರ್ಡಿಗೆ ಹೊಡೆತ ಬರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡುವ ಬೆಳೆಗಾರರು ಮೋಡ ಕಟ್ಟುವಾಗಲೇ, ಮೊದಲ ಗುಡುಗಿಗೂ ಮುಂಚೆ ಏಳಬೇಕು: ಗೋಡೆಯ ಸ್ವಿಚ್, ಪ್ಲಗ್, ಆಮೇಲೆ ಡಿಶ್ ಕೇಬಲ್ಲಿನ ತಿರುಪು, ಕೊನೆಗೆ ಇಂಟರ್‌ನೆಟ್ ವೈರ್. ಸ್ಟೆಬಿಲೈಸರ್ ಸಿಡಿಲನ್ನು ತಡೆಯುವುದಿಲ್ಲ. ಎಚ್‌ಡಿಎಂಐ ಒಂದೇ ಸತ್ತು ಉಳಿದದ್ದೆಲ್ಲ ನಡೆಯುತ್ತಿದ್ದರೆ ಬೋರ್ಡ್ ಬದಲಿಸಲು ಅವಸರ ಬೇಡ, ಮೊದಲು ಇನ್ನೊಂದು ಪೋರ್ಟಿಗೆ ಹಾಕಿ ನೋಡಿ.

ರಿಪೇರಿಗೆ ದುಡ್ಡು ಹಾಕಬಾರದ ರೋಗ ಒಂದಿದೆ, ಅದು ಥಂಡಿಯದು. ಪರದೆಯ ಅಂಚಿನಲ್ಲಿ ರಿಬ್ಬನ್‌ಗಳನ್ನು ಗಾಜಿಗೆ ಅಂಟಿಸಿರುತ್ತಾರೆ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಆ ಬೆಸುಗೆಗೆ ತೇವ ಸೇರಿ ಮೇಲಿಂದ ಕೆಳಗೆ ಗೆರೆ ಮೂಡುತ್ತದೆ, ಆಮೇಲೆ ಅರ್ಧ ಪರದೆ ಕಪ್ಪು. ಟಿ.ವಿ. ಬಿಸಿಯಾದ ಮೇಲೆ ಗೆರೆ ಮಾಯವಾದರೆ, ಚೌಕಟ್ಟನ್ನು ಮೆಲ್ಲಗೆ ಒತ್ತಿದಾಗ ಬದಲಾದರೆ ಅನುಮಾನ ಅಲ್ಲಿಗೇ. ಟಿ-ಕಾನ್‌ನ ಚಪ್ಪಟೆ ಕೇಬಲ್ ಬಿಚ್ಚಿ, ಅದರ ತುದಿಯನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ ಕೂರಿಸಿ ನೋಡಬಹುದು, ಖರ್ಚಿಲ್ಲದ ಪ್ರಯತ್ನ. ಅದಕ್ಕೂ ಹೋಗದಿದ್ದರೆ ಪ್ಯಾನೆಲ್ಲೇ ಬದಲಿಸಬೇಕು, ಆ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಹೊಸ ಟಿ.ವಿ.

ಈ ರೋಗ ತಡೆಯುವುದು ಅಭ್ಯಾಸದಲ್ಲಿದೆ. ಮಳೆ ಹೊಡೆಯುವ ಹೊರಗೋಡೆಗೆ ಟಿ.ವಿ. ತೂಗಬೇಡಿ, ಒಳಗೋಡೆಗೆ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ಒಂದು ಗಂಟೆಯಾದರೂ ಉರಿಯಲಿ, ಅದರ ಬಿಸಿಯೇ ತೇವವನ್ನು ಓಡಿಸುತ್ತದೆ. ಹೊದಿಕೆ ಹತ್ತಿಯದಿರಲಿ, ಪ್ಲಾಸ್ಟಿಕ್ ಒಳಗೆ ನೀರು ಕಟ್ಟುತ್ತದೆ. ಬೂಷ್ಟನ್ನು ಒಣ ಬಟ್ಟೆಯಲ್ಲಿ ಒರೆಸಿ. ಪರದೆಗೆ ನೇರವಾಗಿ ಸ್ಪ್ರೇ ಹೊಡೆದರೆ ಹನಿ ಇಳಿಯುವುದು ಕೆಳಗಿನ ಅಂಚಿಗೇ. ತಿಂಗಳುಗಟ್ಟಲೆ ಮುಚ್ಚಿದ್ದ ಮನೆಯಾದರೆ ಹಾಕುವ ಮುಂಚೆ ಟೇಬಲ್ ಫ್ಯಾನಿನ ಗಾಳಿ ಹಿಂದಿನಿಂದ ಎರಡು ಗಂಟೆ ಬೀಸಲಿ. ಬಟ್ಟೆ ಒಣಗಿಸುವ ಕೆಂಡದ ಹತ್ತಿರ ಮಾತ್ರ ತರಬೇಡಿ.

ಲೆಕ್ಕ ಇಷ್ಟೇ: ಹೊಸದರ ಬೆಲೆಯ ಮೂರನೇ ಒಂದು ಪಾಲಿನೊಳಗೆ ರಿಪೇರಿ ಮುಗಿದರೆ ಮಾಡಿಸಿ. ವಯಸ್ಸು ನೋಡಬೇಡಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿರುವುದರಿಂದ ಆ ಮೂರನೇ ಒಂದು ಪಾಲೂ ಸ್ವಲ್ಪ ಕಿರಿದಾಗಿದೆ ಅನ್ನಿ. ಪ್ಯಾನೆಲ್ ಹೋಗಿ ಹೊಸದೇ ತಂದರೆ, ಹಳೆಯದನ್ನು ಇಡಿಯಾಗಿ ಗುಜರಿಗೆ ತೂಕಕ್ಕೆ ಹಾಕಬೇಡಿ. ಚೆನ್ನಾಗಿರುವ ಪವರ್ ಬೋರ್ಡ್, ಮೇನ್ ಬೋರ್ಡ್, ಸ್ಪೀಕರ್, ರಿಮೋಟನ್ನು ಊರಿನ ಮೆಕ್ಯಾನಿಕ್‌ಗೆ ಕೊಟ್ಟರೆ ಕೂಲಿಯಲ್ಲಿ ಒಂದಿಷ್ಟು ಮುರಿದುಕೊಳ್ಳುತ್ತಾರೆ, ಅದೇ ಮಾಡೆಲ್ ಇರುವ ಇನ್ನೊಂದು ಮನೆಯ ಟಿ.ವಿ.ಯೂ ಎದ್ದು ಕೂರುತ್ತದೆ.